ಈ ತಿಂಗಳು ನಾನು ಬರೆದದ್ದು

ಮಾರ್ಚ್ ೪, ಮಂಗಳವಾರ

ಹೆಂಡತಿಯ ಅಕ್ಕನ ಮಂಡಿ ವಾಸಿಯಾಗಿದೆ. ನಿನ್ನೆ ಷಡ್ಡಕರು ಫೋನಿನಲ್ಲಿ ಹೇಳಿದರು, ಮೆಟ್ಟಿಲು ಹತ್ತಿ ಮಹಡಿಗೆ ಹೋಗಿ ಬಟ್ಟೆ ಒಣಗಿಸಿ ಬಂದರಂತೆ. ಸಂತೋಷ. ಆದರೆ ಆ ಮಂಡಿಯನ್ನು ನೋಡಿಕೊಳ್ಳಲು ಹೋದ ನನ್ನ ಹೆಂಡತಿ ಇನ್ನೂ ಬಂದಿಲ್ಲ. ಯಾವಾಗ ಬರುತ್ತಾಳೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಮಂಡಿಯ ಬಗ್ಗೆಯೇ ಮಾತಾಡಿದೆವು.

ನನ್ನ ಕೆಲಸ ಮನೆ ಮಾರಿಸುವುದು. ಒಳ್ಳೆಯ ಗಿರಾಕಿ ಸಿಕ್ಕಿದಾಗ ನಾವಿದ್ದ ಮನೆಯನ್ನೂ ಮಾರಿದ್ದೇನೆ, ಅದೇನು ಗುಟ್ಟಲ್ಲ. ಮದುವೆಯಾದ ಮೇಲೆ ಇದು ಐದನೆಯ ಮನೆ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ನಿಮ್ಮನ್ನ ಕಟ್ಟಿಕೊಂಡವಳು ಗಂಟು ಮೂಟೆ ಕಟ್ಟಿ ನೋಡಬೇಕು" ಅನ್ನುತ್ತಿದ್ದಳು. ನಗುತ್ತಲೇ ಅನ್ನುತ್ತಿದ್ದಳು, ಹಾಗಾಗಿ ನಾನೂ ನಗುತ್ತಿದ್ದೆ.

ಜನವರಿಯಲ್ಲಿ ಡಾಕ್ಟರ್ ದಂಪತಿ ಮನೆ ಹುಡುಕಿಕೊಂಡು ಬಂದರು. ತೋರಿಸಿದ ಎರಡು ಮನೆಯೂ ಹಿಡಿಸಲಿಲ್ಲ. ವಾಪಸ್ ಬರುವ ದಾರಿಯಲ್ಲಿ ನಮ್ಮ ಮನೆ ಸಿಕ್ಕಿತು. ಇದನ್ನೂ ನೋಡಿಬಿಡಿ ಎಂದು ಒಳಗೆ ಕರೆತಂದು ಒಂದೊಂದೇ ಬಾಗಿಲು ತೆರೆದೆ. ಮಲಗುವ ಕೋಣೆಯದನ್ನೂ ತೆರೆದೆ. ಅವಳು ಜ್ವರದಲ್ಲಿ ಮಲಗಿದ್ದಳು. ನನಗೆ ಜ್ವರದ ವಿಷಯ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅನ್ನುವುದೇ ದೊಡ್ಡ ಅಪರಾಧವಾಯಿತು. ಡಾಕ್ಟರಮ್ಮ ನಾಡಿ ಹಿಡಿದು ನೋಡುತ್ತಿದ್ದಾಗ ನಾನು "ಈ ಕೋಣೆಗೆ ಗಾಳಿ ಬೆಳಕು ಎರಡೂ ಚೆನ್ನಾಗಿದೆ" ಅಂದೆನಂತೆ. ಬಾಯಿಗೆ ಅಭ್ಯಾಸವಾಗಿಹೋಗಿದೆ, ಏನು ಮಾಡಲಿ. ಮುಂದಿನ ವಾರ ಅಕ್ಕನ ಆಪರೇಷನ್ ಇತ್ತು. ಹೊರಟುಹೋದಳು.

ಮನೆಯಲ್ಲಿ ಮಾತಾಡಲು ಗೋಡೆ ಬಿಟ್ಟರೆ ಯಾರೂ ಇಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಮಾರ್ಚ್ ೧೪, ಶುಕ್ರವಾರ

ಪಾಲುದಾರ ಹೊಸ ಹುಚ್ಚು ತಲೆಗೇರಿಸಿಕೊಂಡು ಬಂದ.

"ನಮ್ಮ ವೆಬ್‌ಸೈಟ್ ಸತ್ತು ಮಲಗಿದೆ ಕಣೋ. ಜನ ಬರ್ತಾರೆ, ನಾಲ್ಕು ಫೋಟೊ ನೋಡ್ತಾರೆ, ಹೋಗ್ತಾರೆ. ಓದೋಕೆ ಏನಾದ್ರೂ ಬೇಕು."

"ಯಾರು ಬರೀತಾರೆ?"

"ಯಾರೂ ಬರೀಬೇಕಾಗಿಲ್ಲ. ಬರೆದದ್ದೇ ಸಿಗುತ್ತೆ."

ಒಂದು ಕಂಪನಿ ಇದೆಯಂತೆ. ಮನೆಯ ಬಗ್ಗೆ ಲೇಖನಗಳನ್ನು ಬರೆಸಿ ಇಟ್ಟುಕೊಂಡು, ನಮ್ಮಂಥ ಏಜೆಂಟರಿಗೆ ಮಾರುತ್ತದೆ. ಹೆಸರು ನಮ್ಮದು, ಫೋಟೊ ನಮ್ಮದು, ಮಾತು ಅವರದು. ತಿಂಗಳ ಮೊದಲ ಸೋಮವಾರ ಅದೇ ಒಂದು ಪತ್ರವಾಗಿ ನಮ್ಮ ಪಟ್ಟಿಯಲ್ಲಿರುವ ಎಲ್ಲರಿಗೂ ತಾನಾಗಿ ಹೋಗುತ್ತದೆ. ಹಿಂದೆ ವೆಬ್‌ಸೈಟ್ ಮಾಡಿಸಿದಾಗ ಪಟ್ಟಿ ದಪ್ಪಗೆ ಕಾಣಲಿ ಎಂದು ನೆಂಟರಿಷ್ಟರ ವಿಳಾಸಗಳನ್ನೂ ತುರುಕಿದ್ದೆವು.

"ನಿನ್ನ ಹೆಸರೇ ಹಾಕ್ತೀನಿ. ನನ್ನ ಮುಖ ನೋಡಿದ್ರೆ ಜನ ಜೇಬು ಮುಟ್ಟಿ ನೋಡ್ಕೋತಾರೆ."

ಅದು ನಿಜ. ಹಾಕಿಕೋ ಅಂದೆ. ಹತ್ತು ವರ್ಷದ ಹಿಂದಿನ ಫೋಟೊ ಹುಡುಕಿ ಹಾಕಿದ. ತಲೆತುಂಬ ಕೂದಲು, ಸಮಾಧಾನದ ಮುಖ. ನೋಡಿದರೆ ನನಗೇ ಮನೆ ಕೊಳ್ಳಬೇಕು ಅನ್ನಿಸಿತು.

ಏಪ್ರಿಲ್ ೭, ಸೋಮವಾರ

ನನ್ನ ಮೊದಲ ಪತ್ರ ಹೋಯಿತಂತೆ. ಓದಲು ಪುರುಸೊತ್ತಾಗಲಿಲ್ಲ. ಅಣ್ಣ ತಮ್ಮಂದಿರ ಕಾಂಪೌಂಡ್ ಗೋಡೆ ಜಗಳದಲ್ಲಿ ದಿನ ಹೋಯಿತು. ಅನ್ನ ತಳ ಹಿಡಿಯಿತು.

ಏಪ್ರಿಲ್ ೮, ಮಂಗಳವಾರ

ಅವಳೇ ಫೋನ್ ಮಾಡಿದಳು.

"ನೀವು ಬರೆದದ್ದು ಓದಿದೆ" ಅಂದಳು.

ಏನು ಬರೆದಿದ್ದೆನೋ ನನಗೇ ಗೊತ್ತಿರಲಿಲ್ಲ. "ಹೂಂ" ಅಂದೆ.

"ಸಂಜೆ ಬೆಳಕಿನ ವಿಷಯ. ನಾನು ಅಲ್ಲಿ ಕೂತ್ಕೋತೀನಿ ಅಂತ ನಿಮಗೆ ಗೊತ್ತಿತ್ತಾ?"

"ಹೂಂ."

"ಒಂದು ದಿನಾನೂ ಹೇಳ್ಲಿಲ್ಲ."

"ಹೇಳೋದೇನು ಅದನ್ನ."

ಆಮೇಲೆ "ಊಟ ಆಯ್ತಾ?" ಎಂದು ಕೇಳಿದಳು. ಹೋದಾಗಿನಿಂದ ಈ ಮಾತು ಕೇಳಿರಲಿಲ್ಲ. ಆಯಿತು ಅಂದೆ, ಆಗಿರಲಿಲ್ಲ. ಫೋನ್ ಇಟ್ಟ ಮೇಲೆ ಎದೆಯೊಳಗೆ ಏನೋ ಹಗುರಾಯಿತು.

ಕೂಡಲೇ ಪತ್ರ ತೆಗೆದು ಓದಿದೆ. "ಮನೆ ನೋಡಲು ಹೋದಾಗ ಬಣ್ಣ ನೋಡಬೇಡಿ. ದಿನದ ಕೊನೆಯ ಬೆಳಕು ಯಾವ ಮೂಲೆಯಿಂದ ಎದ್ದುಹೋಗುತ್ತದೆ ನೋಡಿ. ಕೆಲಸದ ನಡುವೆ ಒಂದು ಗಳಿಗೆ ಬಿಡುವು ಸಿಕ್ಕಿದವರು ಬಂದು ಕೂರುವುದು ಆ ಮೂಲೆಯಲ್ಲೇ. ಅವರನ್ನು ಅಲ್ಲಿ ನಾವು ಎಷ್ಟು ಸಲ ನೋಡಿದ್ದೇವೆ?" ಚೆನ್ನಾಗಿ ಬರೆದಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಆ ಮೂಲೆ ಯಾವುದು?

ಏಪ್ರಿಲ್ ೯, ಬುಧವಾರ

ಆಫೀಸಿನಿಂದ ಬೇಗ ಬಂದು ಬೆಳಕಿನ ಹಿಂದೆ ಹೋದೆ. ಮೊದಲು ಹಾಲ್‌ನಲ್ಲಿತ್ತು. ಕುರ್ಚಿಯ ಕಾಲಿನ ಮೇಲೆ ಸ್ವಲ್ಪ ಹೊತ್ತು ನಿಂತು, ಊಟದ ಮೇಜು ದಾಟಿ, ಅಡುಗೆಮನೆಯ ಕಟ್ಟೆ ಹತ್ತಿ ಇಳಿಯಿತು. ನಾನೂ ಜೊತೆಗೆ ಒಂದೊಂದು ಕಡೆ ನಿಂತೆ. ಕೊನೆಗೆ ಅದು ಹಿಂಬಾಗಿಲ ಹೊಸ್ತಿಲಿನ ಬಳಿ, ಎರಡು ಕೈ ಅಗಲದಷ್ಟು ಜಾಗದಲ್ಲಿ ಕೂತುಬಿಟ್ಟಿತು. ಅಲ್ಲಿ ಗೋಡೆಯ ಸುಣ್ಣ ಒಂದೆಡೆ ನುಣುಪಾಗಿ ಸವೆದಿದೆ, ಯಾರೋ ದಿನವೂ ತಲೆ ಒರಗಿಸಿದಂತೆ. ಯಾರೋ ಏನು, ಅವಳೇ.

ನಾನು ಕೂತೆ. ಎತ್ತರ ಹೊಂದಲಿಲ್ಲ, ನನ್ನ ತಲೆ ಆ ಗುರುತಿಗಿಂತ ಮೇಲೆ ಬಂತು. ಸ್ವಲ್ಪ ಜಾರಿ ಕೂತೆ. ಕಣ್ಣು ಯಾವಾಗ ಮುಚ್ಚಿತೋ ತಿಳಿಯಲಿಲ್ಲ, ತೆರೆದಾಗ ಬೆಳಕು ಹೋಗಿತ್ತು, ಹೊಸ್ತಿಲು ಇನ್ನೂ ಬೆಚ್ಚಗಿತ್ತು.

ಏಪ್ರಿಲ್ ೨೩, ಬುಧವಾರ

ಕೆರೆಯ ಆಚೆಯ ಹಳೆಯ ಮನೆಯನ್ನು ಒಬ್ಬರಿಗೆ ತೋರಿಸಬೇಕಿತ್ತು. ಅವರು ಬರಲಿಲ್ಲ. ಬೀಗದ ಕೈ ನನ್ನ ಹತ್ತಿರವೇ ಇತ್ತು, ಒಬ್ಬನೇ ಒಳಗೆ ಹೋದೆ. ಖಾಲಿ ಮನೆ, ಆದರೂ ಪ್ರತಿ ಕೋಣೆಯ ಬಾಗಿಲನ್ನೂ ತಟ್ಟಿಯೇ ತೆರೆದೆ. ಯಾಕೋ.

ಖಾಲಿ ಕೋಣೆಗಳಲ್ಲಿ ಮಧ್ಯಾಹ್ನ ನೀರಿನಂತೆ ನಿಂತಿರುತ್ತದೆ. ನೆಲ ತಣ್ಣಗಿತ್ತು, ಚಪ್ಪಲಿ ತಲೆದಿಂಬು ಮಾಡಿಕೊಂಡು ಮಲಗಿದೆ. ಕನಸಿನಲ್ಲಿ ಪತ್ರದ ಫೋಟೊದವನು ನಮ್ಮ ಮನೆಗೆ ಬಂದಿದ್ದ. ಅದೇ ಕೂದಲು, ಅದೇ ಸಮಾಧಾನ. ಹೊಸ್ತಿಲ ಬಳಿ ಅವಳ ಪಕ್ಕ ಕೂತು ಮೆಲ್ಲಗೆ ಏನೋ ಹೇಳುತ್ತಿದ್ದ, ಅವಳು ತಲೆಯಾಡಿಸುತ್ತಿದ್ದಳು. ನಾನು ಬಾಗಿಲಲ್ಲಿ ಬೀಗದ ಕೈಗೊಂಚಲು ಹಿಡಿದು ನಿಂತಿದ್ದೆ. ಅವನು ತಿರುಗಿ "ಯಾರು ಬೇಕಿತ್ತು?" ಅಂದ.

ಎದ್ದ ಮೇಲೂ ಅವನ ಮೇಲೆ ಸಿಟ್ಟು ಹೋಗಲಿಲ್ಲ. ನನ್ನ ಮೇಲೆ ನಾನೇ ಹೊಟ್ಟೆಕಿಚ್ಚು ಪಡುವ ಕಾಲ ಬಂತು.

ಮೇ ೫, ಸೋಮವಾರ

ಈ ತಿಂಗಳು ನಾನು ಏನು ಬರೆದಿದ್ದೇನೆ ಎಂದು ತಿಳಿಯಲು ಬೆಳಗ್ಗೆಯಿಂದ ಕಾದು ಕೂತಿದ್ದೆ. ಪಾಲುದಾರ ಎರಡು ಸಲ ಇಣುಕಿ ಹೋದ. ಹನ್ನೊಂದರ ಹೊತ್ತಿಗೆ ಬಂತು. ದೊಡ್ಡ ಮನೆ ಮಾರಿ ಸಣ್ಣ ಮನೆಗೆ ಹೋಗಲು ಸರಿಯಾದ ಸಮಯ ಯಾವುದು ಎಂಬ ವಿಷಯ. ಅಯ್ಯೋ ಅನ್ನಿಸಿತು. ಆದರೆ ನಡುವೆ ಹೀಗಿದೆ: "ಮನೆಯಲ್ಲಿ ಒಬ್ಬರು ಇಲ್ಲ ಅನ್ನುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಡಬ್ಬದ ಮುಚ್ಚಳದ ಸದ್ದು ನಿಂತುಹೋದ ದಿನ ಮನೆ ಒಂದು ಅಳತೆ ದೊಡ್ಡದಾಗುತ್ತದೆ." ಕೊನೆಗೆ, ಉಚಿತ ಸಲಹೆಗೆ ಕರೆ ಮಾಡಿ.

ಮೇ ೬, ಮಂಗಳವಾರ

"ಉಚಿತ ಸಲಹೆಗೆ ಕರೆ ಮಾಡಿ ಅಂತ ಇತ್ತು, ಮಾಡಿದೆ" ಅಂದಳು. ದನಿಯಲ್ಲಿ ನಗು ಇತ್ತು.

ಬಹಳ ಹೊತ್ತು ಮಾತಾಡಿದೆವು. ಡಬ್ಬದ ಮುಚ್ಚಳ ಎಂದಾಗ ಅವಳಿಗೆ ಅಳು ಬಂತಂತೆ. "ನಾನಿಲ್ಲ ಅಂತ ಕಿವಿಗೆ ಗೊತ್ತಾಗುತ್ತಾ ನಿಮಗೆ?" ಎಂದು ಕೇಳಿದಳು. ಗೊತ್ತಾಗುತ್ತೆ ಅಂದೆ. ಆ ಒಂದು ಮಾತು ನನ್ನದೇ, ಕಂಪನಿಯದಲ್ಲ.

ಭಾನುವಾರ ಬರುತ್ತಾಳೆ.

ಮೇ ೧೦, ಶನಿವಾರ

ಬೆಳಗ್ಗೆ ಮನೆ ಗುಡಿಸಿ ಒರೆಸಿದೆ. ಮಧ್ಯಾಹ್ನ ಷಡ್ಡಕರು ಬಂದರು. ಶಾಲೆಯಲ್ಲಿ ಚಿತ್ರಕಲೆ ಕಲಿಸಿದವರು, ಏನನ್ನೂ ನೇರವಾಗಿ ನೋಡುವುದಿಲ್ಲ, ತಲೆ ಓರೆ ಮಾಡಿ ನೋಡುತ್ತಾರೆ. ಹಾಗೇ ನನ್ನನ್ನು ನೋಡಿದರು.

"ಇವಳ ಮಂಡಿಗೆ ಮೆಟ್ಟಿಲಿಲ್ಲದ ಮನೆ ನೋಡೋಣ ಅಂತ ನಾಲ್ಕೈದು ಏಜೆಂಟರ ಹತ್ರ ಹೆಸರು ಕೊಟ್ಟಿದ್ದೆ ಕಣಪ್ಪ."

"ನನ್ನ ಹತ್ರ ಕೇಳಬಾರದಿತ್ತಾ ಭಾವ?"

"ಕೇಳಿದ್ರೆ ನಿನ್ನ ಮನೇನೇ ಮಾರಿಬಿಡ್ತೀಯ ಅಂತ ಭಯ." ಅವರು ನಗಲಿಲ್ಲ. ಫೋನ್ ತೆಗೆದು ಮೇಜಿನ ಮೇಲಿಟ್ಟರು. "ಸೋಮವಾರ ಎಲ್ಲಾರಿಂದಲೂ ಪತ್ರ ಬಂದಿತ್ತು. ನಿನ್ನೆ ಊಟ ಆದ್ಮೇಲೆ ಕೂತು ಓದಿದೆ. ನಿನ್ನ ಡಬ್ಬದ ಮುಚ್ಚಳ ಇನ್ನೂ ಮೂರು ಜನರ ಅಡುಗೆಮನೇಲಿ ಸದ್ದು ಮಾಡ್ತಿದೆಯಲ್ಲಪ್ಪ."

ನೋಡಿದೆ. ಅಕ್ಷರ ಬದಲಾಗಿಲ್ಲ. ಮೀಸೆಯವನೊಬ್ಬ, ಕನ್ನಡಕದವನೊಬ್ಬ, ಕೋಟು ಹಾಕಿದ ಹೆಂಗಸೊಬ್ಬಳು. ಎಲ್ಲರೂ ನನ್ನಂತೆಯೇ ಸಮಾಧಾನದಿಂದ ನಗುತ್ತಿದ್ದಾರೆ.

"ಅವಳು ನೋಡಿದ್ಲಾ?"

"ನನ್ನ ಪಕ್ಕದಲ್ಲೇ ಕೂತಿದ್ಲು. ಎದ್ದುಹೋಗಿ ಪಾತ್ರೆ ತೊಳೆದ್ಲು. ತೊಳೆದ ಪಾತ್ರೇನೇ ಇನ್ನೊಂದ್ಸಲ ತೊಳೆದ್ಲು."

ಮೇ ೧೧, ಭಾನುವಾರ

ಬರಲಿಲ್ಲ.

ಮೇ ೧೪, ಬುಧವಾರ

ನಾನೇ ಫೋನ್ ಮಾಡಿದೆ. ಎಲ್ಲ ಏಜೆಂಟರೂ ಹೀಗೇ ಮಾಡುತ್ತಾರೆ, ಇದು ವ್ಯಾಪಾರ, ಯಾರಿಗೂ ಮೋಸವಿಲ್ಲ ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನೀವು ಬರೆದಿಲ್ಲ ಅಂತ ಬೇಜಾರಿಲ್ಲ ನನಗೆ. ನಾನು ಕೇಳಿದಾಗ ಹೂಂ ಅಂದ್ರಲ್ಲ. ಆವತ್ತಿಂದ ನಾನು ಯಾರ ಜೊತೆ ಮಾತಾಡಿದೆ ಹೇಳಿ."

ಇನ್ನೊಂದು ಸಲ ವಿವರಿಸಲು ಹೊರಟೆ, ಅವಳು ತಡೆದಳು.

"ಆ ಡಾಕ್ಟರಿಗೆ ಮನೆ ಕೊಡೋದಾದ್ರೆ ಕೊಟ್ಬಿಡಿ. ಇನ್ನೊಂದು ಮನೆಗೆ ಸಾಮಾನು ಕಟ್ಟೋ ಶಕ್ತಿ ನನಗಿಲ್ಲ. ನಾನು ಅಕ್ಕನ ಮನೇಲೇ ಇದ್ದುಬಿಡ್ತೀನಿ."

ಹೆದರಿಕೆಯಾಯಿತು. ಅವಳು ಕೂಗಾಡಿದ್ದರೆ ಆಗುತ್ತಿರಲಿಲ್ಲ, ಲೆಕ್ಕ ಮುಗಿಸಿದವಳ ಹಾಗೆ ಮೆತ್ತಗೆ ಹೇಳಿದಳು.

ಮೇ ೨೧, ಬುಧವಾರ

ಡಾಕ್ಟರ್ ದಂಪತಿ ಮತ್ತೆ ಕೇಳಿದ್ದಾರೆ. ನಮ್ಮ ಮನೆಯೇ ಬೇಕಂತೆ. ಮನೆಯ ವಿವರ ಬರೆದು ವೆಬ್‌ಸೈಟಿನಲ್ಲಿ ಹಾಕಿ, ನೋಡಿ ತೀರ್ಮಾನ ಮಾಡುತ್ತೇವೆ ಅಂದರಂತೆ.

"ಕೈಗೆ ಬಂದ ತುತ್ತು" ಅಂದ ಪಾಲುದಾರ. "ಹೆಂಡ್ತಿ ಹೇಗೂ ಇಲ್ಲ, ಸಾಮಾನು ಸಾಗಿಸೋಕೆ ಇದಕ್ಕಿಂತ ಒಳ್ಳೆ ಸಮಯ ಸಿಗುತ್ತಾ?"

ಅವನು ಕೆಟ್ಟವನಲ್ಲ. ನಾಲ್ಕು ತಿಂಗಳ ಹಿಂದಾಗಿದ್ದರೆ ಈ ಮಾತನ್ನು ನಾನೇ ಆಡುತ್ತಿದ್ದೆ. ಇವತ್ತು ಮಾತ್ರ ಕುರ್ಚಿ ಬಿಟ್ಟು ಎದ್ದುಹೋದೆ. ಸೆಕೆ ಹೆಚ್ಚಾಗಿತ್ತು.

ಮೇ ೩೧, ಶನಿವಾರ

ರಜೆ ಹಾಕಿ ಮನೆಯಲ್ಲೇ ಉಳಿದೆ. ಡಾಕ್ಟರಿಗೆ ವಿವರ ಬರೆಯಬೇಕಿತ್ತು. "ವಿಶಾಲವಾದ, ಗಾಳಿ ಬೆಳಕಿನ" ಎಂದು ಶುರು ಮಾಡಿದೆ, ಮುಂದೆ ಹೋಗಲಿಲ್ಲ. ಎದ್ದು ಮನೆಯನ್ನೇ ಸುತ್ತಿದೆ. ಗೋಡೆ ಮುಟ್ಟಿದೆ, ಚಿಲಕ ಎಳೆದು ನೋಡಿದೆ, ನಲ್ಲಿ ತಿರುಗಿಸಿದೆ. ಎಷ್ಟೋ ಕಡೆ ಅವಳು ಅಲ್ಲಿಂದ ಈಗಷ್ಟೇ ಎದ್ದುಹೋದಂತೆ ಅನ್ನಿಸಿತು. ಇಡೀ ದಿನ ಹಾಗೇ ಕಳೆಯಿತು, ಊಟದ ನೆನಪೂ ಆಗಲಿಲ್ಲ. ಸಂಜೆ ಕೂತು ಕೈಗೆ ಬಂದದ್ದನ್ನು ಬರೆದೆ:

"ಡಾಕ್ಟರೇ, ಈ ಮನೆಯ ಹಾಲ್ ಗೋಡೆ ಹಳದಿ. ಮಹಡಿಗೆ ಹೋಗುವಾಗ ಮೂರನೆಯ ಮೆಟ್ಟಿಲು ಸದ್ದು ಮಾಡುತ್ತದೆ, ಮನೆಯವರು ಅದನ್ನು ದಾಟಿಯೇ ಕಾಲಿಡುತ್ತಾರೆ. ಮಳೆ ಬಂದರೆ ಹಿಂದಿನ ಕೋಣೆಯ ಕಿಟಕಿ ಉಬ್ಬಿ ಮುಚ್ಚಲಾಗುವುದಿಲ್ಲ. ಅಡುಗೆಮನೆಯ ಮೇಲಿನ ಕಪಾಟು ನನ್ನ ಹೆಂಡತಿಗೆ ಎಟುಕುವುದಿಲ್ಲ, ಅದಕ್ಕೇ ಖಾಲಿ ಬಿದ್ದಿದೆ. ಬಚ್ಚಲ ನಲ್ಲಿ ತೊಟ್ಟಿಕ್ಕುತ್ತದೆ. ಮಲಗುವ ಕೋಣೆಯ ಗೋಡೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಗೋಡೆಯ ಕಡೆ ಅವಳು ಮಲಗುತ್ತಾಳೆ. ಆವತ್ತು ನೀವು ನಾಡಿ ಹಿಡಿದಾಗಲೂ ಅಲ್ಲೇ ಮಲಗಿದ್ದಳು, ನಾನು ನಿಮಗೆ ಕೋಣೆ ತೋರಿಸುತ್ತಿದ್ದೆ. ಇಷ್ಟು ಬರೆಯಲು ಒಂದು ದಿನ ಹಿಡಿಯಿತು. ಇನ್ನೂ ಎಷ್ಟೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ ಮನೆಯನ್ನು ಮಾರುವುದು ತಪ್ಪು. ಕ್ಷಮಿಸಿ, ಕೊಡುವುದಿಲ್ಲ."

ವೆಬ್‌ಸೈಟಿನ ಒಳಗೆ ಹೋಗಿ ನಾನೇ ಹಾಕಿದೆ. ಅಲ್ಲಿ ಬರೆಯಲು ಎರಡು ಚೌಕ ಇದ್ದವು, ದೊಡ್ಡದರಲ್ಲಿ ಹಾಕಿದೆ.

ಜೂನ್ ೨, ಸೋಮವಾರ

ದೊಡ್ಡ ಚೌಕ ತಿಂಗಳ ಪತ್ರದ್ದಂತೆ. ಅಲ್ಲಿ ಏಜೆಂಟ್ ಸ್ವಂತದ್ದು ಏನಾದರೂ ಹಾಕಿದರೆ ಕಂಪನಿಯ ಲೇಖನ ತಾನಾಗಿ ಪಕ್ಕಕ್ಕೆ ಸರಿಯುತ್ತದಂತೆ. ಡಾಕ್ಟರಿಗೆ ಬರೆದದ್ದು ಇವತ್ತು ಬೆಳಗ್ಗೆ ಊರಿಗೆಲ್ಲ ಹೋಗಿದೆ. ಅದರ ಮೇಲೆ ಆ ಸಮಾಧಾನದ ಫೋಟೊ.

ಪಾಲುದಾರ ತಲೆ ಮೇಲೆ ಕೈ ಹೊತ್ತು ಕೂತ. "ಅಂಗಡಿ ಬಾಗಿಲಲ್ಲಿ ನಿಂತು ನಮ್ಮಲ್ಲಿ ಮಾಲು ಚೆನ್ನಾಗಿಲ್ಲ, ಇದ್ರೂ ಕೊಡಲ್ಲ ಅಂತ ಡಂಗುರ ಹೊಡೆದೆಯಲ್ಲೋ. ಹೆಂಡ್ತಿ ಯಾವ ಕಡೆ ಮಲಗ್ತಾಳೆ ಅನ್ನೋದನ್ನೂ ಬಿಡಲಿಲ್ಲ."

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅವಳೂ ಪಟ್ಟಿಯಲ್ಲಿದ್ದಾಳೆ.

ಜೂನ್ ೩, ಮಂಗಳವಾರ

ಡಾಕ್ಟರಮ್ಮ ಫೋನ್ ಮಾಡಿ, ಪರವಾಗಿಲ್ಲ, ಬೇರೆ ನೋಡೋಣ ಅಂದರು. ಯಾರೋ ಮೂವರು, ಆ ಸದ್ದು ಮಾಡುವ ಮೆಟ್ಟಿಲಿನ ಮನೆ ನಿಜಕ್ಕೂ ಕೊಡಲ್ವಾ ಎಂದು ಕೇಳಿದರಂತೆ. ಪಾಲುದಾರನಿಗೆ ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ಅವಳ ಫೋನ್ ಇಲ್ಲ. ಸಂಜೆಯವರೆಗೆ ಆಫೀಸಿನಲ್ಲಿ ಫೋನ್ ಮುಂದಿಟ್ಟುಕೊಂಡು ಕೂತಿದ್ದೆ.

ಜೂನ್ ೪, ಬುಧವಾರ

ಮಾಡಿದಳು. ನಮಸ್ಕಾರವಿಲ್ಲ, ಏನಿಲ್ಲ.

"ಹಾಲ್ ಗೋಡೆ ಹಳದಿ ಅಂತ ಯಾರು ಹೇಳಿದ್ದು ನಿಮಗೆ?"

"ಹಳದಿ ಅಲ್ವಾ?"

"ಬೆಣ್ಣೆ ಬಣ್ಣ. ನಾನೇ ಆರಿಸಿದ್ದು. ಸದ್ದು ಮಾಡೋದು ಮೂರನೇ ಮೆಟ್ಟಿಲಲ್ಲ, ನಾಲ್ಕನೇದು. ಮೂರನೇದು ದಾಟಿ ನಾಲ್ಕರ ಮೇಲೇ ಕಾಲಿಡ್ತೀರಿ ದಿನಾ, ಮನೆಯೆಲ್ಲ ಕೇಳುತ್ತೆ. ಉಬ್ಬೋದು ಕಿಟಕಿ ಅಲ್ಲ, ಬಾಗಿಲು. ನಲ್ಲಿ ನಾನು ರಿಪೇರಿ ಮಾಡಿಸಿ ಎರಡು ವರ್ಷ ಆಯ್ತು."

"ಮೊನ್ನೆ ತೊಟ್ಟಿಕ್ಕುತ್ತಾ ಇತ್ತು."

"ಸರಿಯಾಗಿ ತಿರುಗಿಸಿರಲ್ಲ ನೀವು. ಮೇಲಿನ ಕಪಾಟು ಖಾಲಿ ಅಂತೆ. ಸ್ಟೂಲ್ ಹಾಕ್ಕೊಂಡು ಹತ್ತಿ ತುಂಬಿಸಿಟ್ಟಿದ್ದೀನಿ ನಾನು, ಒಂದು ದಿನ ತೆಗೆದು ನೋಡಿದ್ದೀರಾ? ಆಮೇಲೆ ಗೋಡೆ ಕಡೆ ಮಲಗೋದು ನಾನಲ್ಲ, ನೀವು. ಆವತ್ತು ಜ್ವರಕ್ಕೆ ತಣ್ಣಗಿರಲಿ ಅಂತ ನಿಮ್ಮ ಜಾಗದಲ್ಲಿ ಮಲಗಿದ್ದೆ."

ಆ ಕಡೆ ಅವಳು ಉಸಿರು ಎಳೆದುಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ಭಾವ ಈ ಸಲಾನೂ ಎಲ್ಲಾ ಏಜೆಂಟರ ಪತ್ರ ತೆಗೆದು ನೋಡೋಕೆ ಹೋದ್ರು" ಅಂದಳು. "ನಾನು ಬೇಡ ಅಂದೆ. ಇಷ್ಟು ತಪ್ಪು ನಿಮ್ಮನ್ನ ಬಿಟ್ಟು ಬೇರೆ ಯಾರಿಗೂ ಬರೆಯೋಕೆ ಬರಲ್ಲ."

ಜೂನ್ ೮, ಭಾನುವಾರ

ಬಂದಳು. ಸಣ್ಣ ಚೀಲ ಒಂದೇ. ದೊಡ್ಡ ಪೆಟ್ಟಿಗೆ ಅಕ್ಕನ ಮನೆಯಲ್ಲೇ ಇದೆ, ಅದನ್ನು ನಾನು ಗಮನಿಸಿದೆ.

ಕೂರು ಅಂದರೂ ಕೂರಲಿಲ್ಲ. "ಬನ್ನಿ" ಅಂದಳು. ಮುಂದೆ ಅವಳು, ಹಿಂದೆ ನಾನು. ಒಂದೊಂದೇ ಕೋಣೆ ತೋರಿಸಿದಳು. ಮೇಲಿನ ಕಪಾಟಿನಲ್ಲಿ ಡಬ್ಬಗಳ ನಡುವೆ ಹಿಂದಿನ ನಾಲ್ಕು ಮನೆಗಳ ಬಾಗಿಲ ಚಿಲಕಗಳಿದ್ದವು, ಪ್ರತಿ ಮನೆ ಬಿಡುವಾಗ ಒಂದೊಂದು ಬಿಚ್ಚಿಕೊಂಡು ಬಂದಿದ್ದಳಂತೆ. ಕೊಂಡವರು ಬಂದು ಜಗಳವಾಡಿದಾಗೆಲ್ಲ ಬಡಗಿಯನ್ನು ಬೈದವನು ನಾನು. ಚಿಲಕಗಳನ್ನು ಕೈಯಲ್ಲಿ ಹಿಡಿದು ನೋಡಿದೆ, ಯಾವುದು ಯಾವ ಮನೆಯದು ಎಂದು ನನಗೆ ತಿಳಿಯಲಿಲ್ಲ. ಅವಳು ಒಂದೊಂದಾಗಿ ಹೇಳಿದಳು.

ಎಲ್ಲ ನೋಡಿ ಹಾಲ್‌ಗೆ ಬಂದ ಮೇಲೆ, "ಇರ್ತೀಯಾ?" ಎಂದು ಕೇಳಿದೆ.

"ಯೋಚನೆ ಮಾಡಿ ಹೇಳ್ತೀನಿ."

ನಮ್ಮ ಕಸುಬಿನಲ್ಲಿ ಈ ಮಾತಿಗೆ ಒಂದೇ ಅರ್ಥ. ಹೀಗೆ ಹೇಳಿ ಹೋದವರು ತಿರುಗಿ ಬರುವುದಿಲ್ಲ. ಆದರೆ ಅದನ್ನು ಹೇಳುತ್ತಲೇ ಕುರ್ಚಿ ಹತ್ತಿ, ಕಿಟಕಿಯ ಪರದೆಗಳನ್ನೆಲ್ಲ ಬಿಚ್ಚಿ ಒಗೆಯಲು ಹಾಕಿದ ಗಿರಾಕಿಯನ್ನು ನಾನು ಇವತ್ತಿನವರೆಗೆ ನೋಡಿಲ್ಲ.